ಹೆಬ್ಬೆಟ್ಟಿಲ್ಲದ ಒಪ್ಪಿಗೆ

ನನ್ನ ಫೈಲು ಮೂರನೆಯ ಸಲ ವಾಪಸು ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ಸಂಶೋಧನೆಗೆ ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯ ಕಾಗದಪತ್ರ ನೋಡಿಕೊಳ್ಳುವ ಗುಮಾಸ್ತರು ಅದನ್ನು ಕಿಟಕಿಯೊಳಗಿಂದ ನನ್ನ ಕಡೆಗೆ ಸರಿಸಿ, ಮೇಲಿನ ಹಾಳೆಗೆ ಅಂಟಿಸಿದ್ದ ಹಳದಿ ಚೀಟಿಯ ಮೇಲೆ ಬೆರಳಿಟ್ಟರು.

"ಮ್ಯಾಡಮ್, ಕನ್ನಡಾ ಫಾರ್ಮ್ ಕಾ ಬ್ಯಾಕ್ ಟ್ರಾನ್ಸ್‌ಲೇಶನ್ ಕಿಧರ್ ಹೈ?"

ಕನ್ನಡದಲ್ಲಿ ನಾನು ಬರೆದ ಸಮ್ಮತಿ ಪತ್ರವನ್ನು ಬೇರೆ ಯಾರಾದರೂ, ಇಂಗ್ಲಿಷ್ ಮೂಲವನ್ನು ನೋಡದೆ, ಮತ್ತೆ ಇಂಗ್ಲಿಷಿಗೆ ತರಬೇಕಂತೆ. ಎರಡು ಇಂಗ್ಲಿಷೂ ಒಂದಕ್ಕೊಂದು ಹೊಂದಿದರೆ ಮಾತ್ರ ನಡುವಿನ ಕನ್ನಡ ಸರಿ. ಹೋದ ಸಲವೇ ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹೋದ ಸಲ ಬೇರೆ ತಪ್ಪಿತ್ತಲ್ಲ, ಅಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು.

ಚೀಟಿಯಲ್ಲಿ ಇನ್ನೊಂದು ಸಾಲಿತ್ತು. ಓದು ಬಾರದವರಿಂದ ಹೆಬ್ಬೆಟ್ಟಿನ ಗುರುತು ಪಡೆಯುವುದಿಲ್ಲ, ಬಾಯಿಮಾತಿನ ಒಪ್ಪಿಗೆ ಸಾಕು ಎಂದು ನಾನು ಅರ್ಜಿಯಲ್ಲಿ ಕೇಳಿಕೊಂಡಿದ್ದೆ. ಅದಕ್ಕೆ ಕೊಟ್ಟ ಕಾರಣ ಸಾಲದು, ಸಮಿತಿಯ ಮುಂದೆ ಬಂದು ವಿವರಿಸಬೇಕು ಎಂದು ಬರೆದಿದ್ದರು. ಸಮಿತಿ ಸೇರುವುದು ಎರಡು ತಿಂಗಳಿಗೊಮ್ಮೆ. ಮುಂದಿನ ಸಭೆಗೆ ಹನ್ನೆರಡು ದಿನ ಉಳಿದಿತ್ತು.

ಆಗ ನನಗೆ ನಲವತ್ತೊಂದು ವಯಸ್ಸು. ಮಲಾಡಿನ ಜೂನಿಯರ್ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದೆ. ಮನೆ ಭಾಂಡುಪ್‌ನಲ್ಲಿ. ವಿಜಯಪುರದ ಕಡೆಯಿಂದ ಬಂದ ನನ್ನ ಅಪ್ಪ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ಸೇರಿದವರು. ಕಾರ್ಖಾನೆ ಮುಚ್ಚಿ, ಆ ಜಾಗದಲ್ಲಿ ಬಿಲ್ಡಿಂಗ್ ಎದ್ದರೂ ನಾವು ಅಲ್ಲೇ ಉಳಿದೆವು. ಪಿಎಚ್‌ಡಿಗೆ ನೋಂದಾಯಿಸಿದ್ದು ತಡವಾಗಿ. ಕಟ್ಟಡದ ಕೆಲಸದಲ್ಲಿ ಪೆಟ್ಟು ಮಾಡಿಕೊಂಡ ಹೆಂಗಸರು ಯಾರ ಹತ್ತಿರ ಹೋಗುತ್ತಾರೆ, ಏನು ಮದ್ದು ಮಾಡಿಕೊಳ್ಳುತ್ತಾರೆ, ಯಾವಾಗ ಮತ್ತೆ ಕೆಲಸಕ್ಕೆ ಇಳಿಯುತ್ತಾರೆ ಎನ್ನುವುದು ನನ್ನ ವಿಷಯ. ವಡಾಲದಲ್ಲಿ ಏಳುತ್ತಿದ್ದ ಒಂದು ದೊಡ್ಡ ಟವರಿನ ಸೈಟಿನಲ್ಲಿ ನಮ್ಮ ಕಡೆಯ ಹೆಂಗಸರು ಬಹಳ ಇದ್ದರು. ಅವರ ಜೊತೆ ಮಾತಾಡಲು ಕನ್ನಡ ಬಲ್ಲವರು ನಮ್ಮ ವಿಭಾಗದಲ್ಲಿ ನಾನೊಬ್ಬಳೇ.

ನೋಂದಣಿಯ ಅವಧಿ ಒಂದು ಸಲ ವಿಸ್ತರಣೆಯಾಗಿತ್ತು. ಎರಡನೆಯ ವಿಸ್ತರಣೆಗೆ ಪ್ರಗತಿ ವರದಿ ಬೇಕು, ವರದಿಗೆ ಸಂದರ್ಶನಗಳು ಬೇಕು, ಸಂದರ್ಶನಕ್ಕೆ ಸಮಿತಿಯ ಒಪ್ಪಿಗೆ ಬೇಕು. ನನ್ನ ಗೈಡ್ ಮುಂದಿನ ವರ್ಷ ನಿವೃತ್ತರಾಗುವವರಿದ್ದರು. ಆ ದಿನಗಳಲ್ಲಿ ನಾನು ಲೋಕಲ್ ಹತ್ತಿದ ಕೂಡಲೇ ಮೇಲ್ ತೆರೆದು ನೋಡುತ್ತಿದ್ದೆ, ಕುರ್ಲಾದಲ್ಲಿ ಒಮ್ಮೆ, ಇಳಿಯುವ ಮುಂಚೆ ಮತ್ತೊಮ್ಮೆ. ಪಾಠ ಮಾಡುವಾಗ ಬೋರ್ಡಿನ ಕಡೆ ತಿರುಗಿ, ಏನು ಬರೆಯಲು ತಿರುಗಿದೆ ಎನ್ನುವುದು ಮರೆತು ನಿಂತದ್ದುಂಟು. ಊಟ ಸೇರುತ್ತಿರಲಿಲ್ಲ.

ಆದರೆ ನನ್ನ ಕಳವಳಕ್ಕೆ ವಿಸ್ತರಣೆಯೊಂದೇ ಕಾರಣವಾಗಿರಲಿಲ್ಲ. ಅರ್ಜಿಯ ಒಂಬತ್ತನೆಯ ಪುಟದಲ್ಲಿ ಒಂದು ಪ್ರಶ್ನೆ ಇತ್ತು: ಮಾಹಿತಿ ಸಂಗ್ರಹ ಈಗಾಗಲೇ ಆರಂಭವಾಗಿದೆಯೇ? ಹೌದು, ಇಲ್ಲ ಎಂದು ಎರಡು ಚೌಕ. ನಾನು 'ಇಲ್ಲ' ಎನ್ನುವುದಕ್ಕೆ ಗುರುತು ಹಾಕಿದ್ದೆ. ಅದು ಸುಳ್ಳು.

ಜನವರಿಯ ಒಂದು ಭಾನುವಾರ ನಾನು ಸೈಟಿನ ಪಕ್ಕದ ತಗಡಿನ ಮನೆಗಳಿಗೆ ಹೋಗಿದ್ದೆ. ಗುರುತು ಪರಿಚಯ ಮಾಡಿಕೊಂಡು ಬರೋಣ ಎಂದಷ್ಟೇ ಹೊರಟವಳು. ಅಲ್ಲಿ ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಜೋಳದ ಹಿಟ್ಟು ಜರಡಿ ಹಿಡಿಯುತ್ತ ಕೂತಿದ್ದಳು. ನನ್ನ ಮಾತು ಕೇಳಿ, "ನಮ್ ಕಡೇರ ಅದೀರೇನ್ರಿ?" ಎಂದು ಗೋಣಿಚೀಲ ಹಾಸಿದಳು. ಮಾತಿಗೆ ಮಾತು ಬೆಳೆಯಿತು. ಮುಂದೆ ಒಂದು ಕಾಗದ ಓದಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತೇನೆ, ಆಮೇಲೆ ಮಾತು ಕೇಳುತ್ತೇನೆ ಎಂದು ನಾನು ಹೇಳಿದ್ದೇ ತಡ, ಅವಳ ಕೈ ನಿಂತಿತು.

"ಹೆಬ್ಬಟ್ಟ ಮಾತ್ರ ಕೇಳಬ್ಯಾಡ್ರಿ ಅಕ್ಕಾರ. ಬೇಕಾದ್ರ ಮಾತ್ ಕೇಳ್ರಿ, ಹೇಳ್ತೀನಿ. ಹೆಬ್ಬಟ್ಟ ಒತ್ತಂಗಿಲ್ಲ ನಾ."

ಯಾಕೆ ಎಂದು ಕೇಳಿದೆ. ಹಿಂದೊಂದು ಸೈಟಿನಲ್ಲಿ ಅವಳ ಮನೆಯವರೊಬ್ಬರಿಗೆ ಪೆಟ್ಟಾದಾಗ, ಆಸ್ಪತ್ರೆಯ ಕಾಗದ ಎಂದು ಹೇಳಿ ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದರು. ಅದರಲ್ಲಿ ಬರೆದದ್ದೇ ಬೇರೆ. ಪೆಟ್ಟಾದವರು ಅಲ್ಲಿ ಕೆಲಸಕ್ಕೇ ಇರಲಿಲ್ಲ ಎಂದು ಅವಳ ಬಾಯಿಂದಲೇ ಹೇಳಿಸಿದ ಹಾಗಿತ್ತು ಆ ಕಾಗದ. ಇಷ್ಟನ್ನು ಬರೆಯಲು ಆಮೇಲೆ ಅವಳ ಅನುಮತಿ ಕೇಳಿ ಪಡೆದಿದ್ದೇನೆ. ಉಳಿದದ್ದನ್ನು ಇಲ್ಲಿ ಬರೆಯುವುದಿಲ್ಲ.

ಅವಳು ಹೇಳುತ್ತಿದ್ದಾಗ ನಾನು ಫೋನ್ ಹೊರತೆಗೆದು, "ಇದನ್ನ ಚಾಲೂ ಮಾಡ್ಲೇನ್ರಿ?" ಎಂದು ಕೇಳಿದೆ. ಅವಳು ತಲೆ ಆಡಿಸಿದಳು. ನಲವತ್ತು ನಿಮಿಷ ಮಾತಾಡಿದಳು. ವಾಪಸು ಬರುವಾಗ ಹಾರ್ಬರ್ ಲೈನಿನ ಗಾಡಿಯಲ್ಲಿ ಇಯರ್‌ಫೋನ್ ಹಾಕಿ ಅದನ್ನೇ ಕೇಳಿದೆ. ನನ್ನ ಪ್ರಬಂಧದ ಮೊದಲ ಅಧ್ಯಾಯ ಸಿಕ್ಕಿತು ಎಂದು ಖುಷಿಪಟ್ಟದ್ದು ನೆನಪಿದೆ. ವಾರ ಕಳೆದು ಅರ್ಜಿ ತುಂಬುವಾಗ ಒಂಬತ್ತನೆಯ ಪುಟದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು. ಇದು ಸಂದರ್ಶನ ಅಲ್ಲ, ಬರೀ ಪರಿಚಯ ಎಂದು ನನಗೆ ನಾನೇ ಹೇಳಿಕೊಂಡೆ.

ಕನ್ನಡದಿಂದ ಮತ್ತೆ ಇಂಗ್ಲಿಷಿಗೆ ತರುವ ಈ ಹಿಂದನುವಾದಕ್ಕೆ ಯಾರನ್ನು ಹುಡುಕುವುದು? ನಮ್ಮ ಬಿಲ್ಡಿಂಗಿನ ಕನ್ನಡದ ಮಕ್ಕಳೆಲ್ಲ ಮಾತು ಅರ್ಥ ಮಾಡಿಕೊಳ್ಳುತ್ತಾರೆ, ಅಕ್ಷರ ಬಾರದು. ನನ್ನ ತಮ್ಮ, "ಅಕ್ಕಾ, ಗೂಗಲ್ ಮೇ ಡಾಲ್ ನಾ," ಎಂದು ಗೂಗಲ್‌ಗೆ ಹಾಕಲು ಹೇಳಿದ. ಕೊನೆಗೆ ಅಪ್ಪನ ಹಳೆಯ ಪರಿಚಯದ ಒಬ್ಬ ಮಾಸ್ತರರ ನೆನಪಾಯಿತು. ಧಾರವಾಡದ ಕಡೆಯವರು, ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಲಿಸಿ ನಿವೃತ್ತರಾಗಿ, ವಡಾಲದ ಒಂದು ಕಾಲನಿಯಲ್ಲಿ ಮಗಳ ಜೊತೆ ಇದ್ದರು. ಫೋನ್ ಮಾಡಿದರೆ, "ಬಾ ತಂಗಿ, ಕಾಗದ ತಗೊಂಡ ಬಾ," ಎಂದರು.

ಮಾಸ್ತರರು ನಾಲ್ಕು ಪುಟವನ್ನೂ ಓದಿದರು. ಮೊದಲು ಪೂರ್ತಿ ಒಮ್ಮೆ, ಆಮೇಲೆ ಪೆನ್ಸಿಲ್ ಹಿಡಿದು ಮತ್ತೊಮ್ಮೆ. ನಾನು ಗೋಡೆಯ ಗಡಿಯಾರ ನೋಡುತ್ತ ಕೂತಿದ್ದೆ. ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

"ಇದನ್ನ ಇಂಗ್ಲಿಷಿಗೆ ಮಾಡಿ ಕೊಡೂದು ಭಾಳ ಸಲೀಸದ. ಯಾಕಂದ್ರ ಇದು ಇಂಗ್ಲಿಷೇ ಅದ," ಅಂದರು. "ಸ್ವಯಂಪ್ರೇರಿತ ಭಾಗವಹಿಸುವಿಕೆ ಅಂತ ಬರದೀ. ಇಟ್ಟಂಗಿ ಹೊರೂ ಹೆಣಮಗಳ ಮುಂದ ಇದನ್ನ ಓದಿದ್ರ ಆಕಿಗೆ ಏನ್ ತಿಳೀಬೇಕು?"

"ಕಮಿಟಿಯವರು ಹಂಗ ಬೇಕಂತಾರ ಸರ್."

"ಕಮಿಟಿಯವರಿಗೆ ಕನ್ನಡ ಬರತದೇನು?"

ನಾನು ಚೀಲದಿಂದ ಹೊಸ ಹಾಳೆ ತೆಗೆದೆ. ಅವತ್ತೂ ಮರುದಿನವೂ ಕೂತು ಇಡೀ ಪತ್ರವನ್ನು ಮತ್ತೆ ಬರೆದೆವು. ಅವರು ಬಾಯಲ್ಲಿ ಹೇಳಿ ನೋಡುತ್ತಿದ್ದರು, ನಾನು ಬರೆಯುತ್ತಿದ್ದೆ. ಅವರ ಮಗಳು ನಡುನಡುವೆ ಚಹಾ ತಂದಿಟ್ಟು, ಸಾಲುಗಳನ್ನು ಕೇಳಿ, ಅರ್ಥವಾಯಿತೋ ಇಲ್ಲವೋ ಹೇಳುತ್ತಿದ್ದಳು. 'ನಿಮಗೆ ಮಾತಾಡುವ ಮನಸ್ಸಿದ್ದರೆ ಮಾತಾಡಿ. ಇಲ್ಲದಿದ್ದರೆ ಬೇಡ ಅನ್ನಿ. ಬೇಡ ಅಂದರೆ ಯಾರೂ ಏನೂ ಅನ್ನುವುದಿಲ್ಲ, ಯಾರಿಗೂ ಹೇಳುವುದಿಲ್ಲ.' ಹೀಗೆ ಸಾಗಿತು. ಮೂರನೆಯ ಪುಟದಲ್ಲಿ, 'ಈ ಕಾಗದ ಪೂರ್ತಿ ಓದಿ ಹೇಳಿ, ನೀವು ಹೂಂ ಅಂದಮೇಲೆ ಮಾತ್ರ ನಾನು ಫೋನಿನಲ್ಲಿ ನಿಮ್ಮ ದನಿ ಹಿಡಿಯುತ್ತೇನೆ' ಎಂದು ಬರೆಯಬೇಕಾಗಿ ಬಂತು. ಬರೆಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು.

"ಯಾಕ ತಂಗಿ, ಬರ್ಯೋದು ಬಿಟ್ಟಿ?"

"ಏನಿಲ್ಲ ಸರ್," ಎಂದು ಬರೆದು ಮುಗಿಸಿದೆ.

ನಿಯಮದ ಪ್ರಕಾರ ಅವರು ಬರೆಯಲು ನೆರವಾದದ್ದರಿಂದ ಅವರೇ ಹಿಂದನುವಾದ ಮಾಡುವಂತಿರಲಿಲ್ಲ. ಅದು ನನಗೆ ಹೊಳೆದದ್ದು ಎಲ್ಲ ಮುಗಿದ ಮೇಲೆ. ಅದನ್ನು ಹೇಳಿದೆ. ಮಾಸ್ತರರು ನಕ್ಕು, ತಮ್ಮ ಹಳೆಯ ಶಿಷ್ಯೆಯೊಬ್ಬಳು ವಕೀಲಳಾಗಿದ್ದಾಳೆಂದು ಅವಳಿಗೆ ಫೋನ್ ಹಚ್ಚಿದರು. ಆಕೆ ಮೂರೇ ದಿನದಲ್ಲಿ ಅನುವಾದಿಸಿ, ಸಹಿ ಹಾಕಿದ ಪ್ರಮಾಣಪತ್ರದ ಜೊತೆ ಕಳಿಸಿದರು.

ಸಭೆಯ ದಿನ ಕಾಲೇಜಿಗೆ ರಜೆ ಹಾಕಿದೆ. ಹನ್ನೊಂದಕ್ಕೆ ಕರೆದಿದ್ದರು, ಒಂಬತ್ತೂವರೆಗೇ ಹೋಗಿ ಕೂತೆ. ಫೈಲಿನ ಹಾಳೆಗಳನ್ನು ಎಣಿಸಿದೆ. ಐವತ್ತಾರು. ಮತ್ತೆ ಎಣಿಸಿದಾಗ ಐವತ್ತೈದು ಬಂತು. ಎರಡು ಹಾಳೆ ಅಂಟಿಕೊಂಡಿದ್ದವು. ನನ್ನ ಗೈಡ್ ಬಂದು ಪಕ್ಕದಲ್ಲಿ ಕೂತು ಮೆಲ್ಲಗೆ ಇಂಗ್ಲಿಷಿನಲ್ಲಿ, "ಹೆಬ್ಬೆಟ್ಟು ಯಾಕೆ ಬೇಡ ಅಂತ ಕೇಳಿದರೆ ಹಿಂದಿನ ಅಧ್ಯಯನಗಳ ಆಧಾರ ಕೊಡು. ಹೆಚ್ಚು ಮಾತಾಡಬೇಡ," ಎಂದರು. ಜನವರಿಯ ವಿಷಯ ಅವರಿಗೂ ಗೊತ್ತಿರಲಿಲ್ಲ.

ಒಳಗೆ ಉದ್ದನೆಯ ಮೇಜಿನ ಸುತ್ತ ಏಳು ಮಂದಿ. ಅಧ್ಯಕ್ಷೆ ವಯಸ್ಸಾದ ವೈದ್ಯೆ. ಕನ್ನಡದ ಪತ್ರದ ಬಗ್ಗೆ ಯಾವ ತಕರಾರೂ ಬರಲಿಲ್ಲ. ಇಷ್ಟು ಸರಳವಾದ ಅನುವಾದ ಈ ಮೇಜಿಗೆ ಅಪರೂಪ ಎಂದು ಅಧ್ಯಕ್ಷೆ ಹೇಳಿದರು. ಆಮೇಲೆ ಅವರು ಹಾಳೆ ತಿರುವಿ ಇಂಗ್ಲಿಷಿನಲ್ಲೇ ಕೇಳಿದರು: "ಈ ಹೆಂಗಸರು ಹೆಬ್ಬೆಟ್ಟು ಒತ್ತಲು ಹೆದರುತ್ತಾರೆ ಎಂದು ಬರೆದಿದ್ದೀರಿ. ನಿಮಗೆ ಹೇಗೆ ಗೊತ್ತು? ಯಾರನ್ನಾದರೂ ಕೇಳಿದ್ದೀರಾ?"

ಗೈಡ್ ಹೇಳಿಕೊಟ್ಟ ಉತ್ತರ ನಾಲಿಗೆಯ ಮೇಲೇ ಇತ್ತು. ಅಧ್ಯಕ್ಷೆಯ ಮುಂದೆ ನನ್ನ ಅರ್ಜಿ ತೆರೆದಿತ್ತು. ಅದು ಒಂಬತ್ತನೆಯ ಪುಟವೋ ಅಲ್ಲವೋ, ನಾನು ಕೂತಲ್ಲಿಂದ ಕಾಣುತ್ತಿರಲಿಲ್ಲ.

"ಕೇಳಿದ್ದೇನೆ. ಒಬ್ಬಳನ್ನು," ಎಂದೆ. "ಅವಳ ಮಾತು ರೆಕಾರ್ಡ್ ಕೂಡ ಮಾಡಿದ್ದೇನೆ. ಅರ್ಜಿಯಲ್ಲಿ ಇಲ್ಲ ಎಂದು ಗುರುತು ಹಾಕಿದ್ದು ತಪ್ಪು."

ಕೊನೆಯಲ್ಲಿ ಕೂತಿದ್ದ ಸದಸ್ಯರೊಬ್ಬರು ಏನೋ ಬರೆದುಕೊಂಡರು. ಗೈಡ್ ಮೇಜಿನ ಮೇಲಿದ್ದ ತಮ್ಮ ಎರಡೂ ಕೈಗಳನ್ನು ಕೆಳಗಿಳಿಸಿದರು. ಹೊರಗೆ ಕಾಯಿರಿ ಎಂದು ಅಧ್ಯಕ್ಷೆ ನನಗೆ ಹೇಳಿದರು.

ಹೊರಗಿನ ಬೆಂಚಿನ ಮೇಲೆ ಕೂತೆ. ಗುಮಾಸ್ತರು ಕಿಟಕಿಯೊಳಗಿಂದ ಇಣುಕಿ ಏನಾಯಿತೆಂದು ಕೇಳಿದರು. ಹೇಳಿದೆ. ಅವರಿಗೆ ನಂಬಿಕೆಯೇ ಬರಲಿಲ್ಲ.

"ಬೋಲಾ ಕ್ಯೂಂ? ಕೋಯಿ ನಹೀ ಬೋಲ್ತಾ ಮ್ಯಾಡಮ್!"

ಯಾರೂ ಹೇಳದ್ದನ್ನು ನಾನು ಯಾಕೆ ಹೇಳಿದೆ ಎಂದು ನನಗೂ ಗೊತ್ತಿರಲಿಲ್ಲ. ಧೈರ್ಯದಿಂದ ಹೇಳಿದ್ದಂತೂ ಅಲ್ಲ. ಸಿಕ್ಕಿಬೀಳುವ ಭಯದಿಂದ ಹೇಳಿದೆನೋ, ಮಾಸ್ತರರ ಮನೆಯಲ್ಲಿ ಬರೆದ ಆ ಸಾಲು ತಡೆಯಿತೋ, ಇವತ್ತಿಗೂ ಬಿಡಿಸಿ ಹೇಳಲಾರೆ.

ಅರ್ಧ ಗಂಟೆ ಬಿಟ್ಟು ಕರೆದರು. ಬಾಯಿಮಾತಿನ ಒಪ್ಪಿಗೆಗೆ ಸಮಿತಿ ಒಪ್ಪಿತ್ತು. ಮಾತಾಡುವವಳು ತನಗೆ ನಂಬಿಕೆಯಿರುವ ಒಬ್ಬರನ್ನು ಸಾಕ್ಷಿಯಾಗಿ ಕೂರಿಸಿಕೊಳ್ಳಬೇಕು, ಆ ಸಾಕ್ಷಿ ಕಂತ್ರಾಟುದಾರರ ಕಡೆಯವರಾಗಿರಬಾರದು, ಅವರ ಹೆಸರಾಗಲಿ ಗುರುತಾಗಲಿ ಬೇಡ. ಆದರೆ ನನ್ನ ಅರ್ಜಿಯನ್ನು ಅಂದೇ ಮಂಜೂರು ಮಾಡಲಿಲ್ಲ. ಜನವರಿಯ ರೆಕಾರ್ಡಿಂಗನ್ನೂ ಅದರಿಂದ ಬರೆದುಕೊಂಡದ್ದನ್ನೂ ಅಳಿಸಬೇಕು. ಪ್ರಬಂಧದಲ್ಲಿ ಒಂದು ಸಾಲೂ ಬರಬಾರದು. ಆ ಹೆಂಗಸಿಗೆ ಹೀಗೆ ಮಾಡಿದ್ದನ್ನು ಖುದ್ದಾಗಿ ತಿಳಿಸಬೇಕು. ಲಿಖಿತ ವಿವರಣೆಯ ಜೊತೆ ಮುಂದಿನ ಸಭೆಗೆ ಮತ್ತೆ ಅರ್ಜಿ ಹಾಕಬೇಕು. ಮುಂದಿನ ಸಭೆ ಎಂದರೆ ಎರಡು ತಿಂಗಳು. ನನ್ನ ನೋಂದಣಿ ಅದಕ್ಕೂ ಒಂಬತ್ತು ದಿನ ಮೊದಲು ಮುಗಿಯುತ್ತಿತ್ತು.

ಗೈಡ್ ನನ್ನ ಜೊತೆಗೇ ಮೆಟ್ಟಿಲಿಳಿದರು. ಗೇಟಿನ ಹತ್ತಿರ ನಿಂತು, "ನನಗಾದರೂ ಮೊದಲು ಹೇಳಬಹುದಿತ್ತು," ಎಂದಷ್ಟೇ ಹೇಳಿ ಆಟೋ ಹತ್ತಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಹೋದ ಮೇಲೆ ಎಷ್ಟೋ ಹೊತ್ತು ರಸ್ತೆ ದಾಟದೆ ನಿಂತಿದ್ದೆ. ಆದರೂ ಸೋಮವಾರ ನೋಂದಣಿಯನ್ನು ಮೂರು ತಿಂಗಳು ಮುಂದುವರಿಸಬೇಕೆಂಬ ಪತ್ರ ಬರೆದು, ತಾವೇ ಸಹಿ ಹಾಕಿ ಡೀನ್ ಕಚೇರಿಗೆ ಕೊಟ್ಟು ಬಂದವರು ಅವರೇ. ವರದಿಯಿಲ್ಲದೆಯೇ ಆ ಮೂರು ತಿಂಗಳು ಸಿಕ್ಕಿತು.

ರೆಕಾರ್ಡಿಂಗನ್ನು ಗುಮಾಸ್ತರ ಎದುರಿಗೇ ಅಳಿಸಿದೆ. ಫೋನಿನಿಂದ, ಲ್ಯಾಪ್‌ಟಾಪಿನಿಂದ, ಕಸದ ಫೋಲ್ಡರಿನಿಂದ. ನನ್ನ ಕೈಬರಹದ ಹನ್ನೊಂದು ಹಾಳೆಗಳನ್ನು ಅವರೇ ಹರಿದು ಹಾಕಿದರು. ಅಳಿಸುವ ಮುಂಚೆ ಒಮ್ಮೆ ಕೇಳಬೇಕು ಎನ್ನಿಸಿತ್ತು. ಕೇಳಲಿಲ್ಲ.

ಅದರ ಮುಂದಿನ ಭಾನುವಾರ ವಡಾಲಕ್ಕೆ ಹೋದೆ. ಕುರ್ಲಾದಲ್ಲಿ ಗಾಡಿ ಬದಲಿಸುವಾಗಲೂ ಹೇಗೆ ಹೇಳುವುದೆಂಬ ಯೋಚನೆಯೇ. ನಿನ್ನ ಕಥೆ ಕೇಳಿ ಬರೆದುಕೊಂಡಿದ್ದೆ, ಈಗ ಅದು ಕೆಲಸಕ್ಕೆ ಬಾರದು ಎಂದರೆ ಅವಳಿಗೆ ಎಷ್ಟು ನೋವಾಗಬಹುದು? ಅವಳು ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ಕಂಡು ಜನವರಿಯಲ್ಲಿ ನಕ್ಕಂತೆ ನಗಲಿಲ್ಲ. ನಾನು ಎಲ್ಲ ಹೇಳಿದೆ. ನಾನು ಕೇಳುವ ಮುಂಚೆ ಕಾಗದ ಓದಬೇಕಿತ್ತು, ಓದಲಿಲ್ಲ, ನನ್ನದು ತಪ್ಪಾಯಿತು, ನಿಮ್ಮ ದನಿಯನ್ನು ಅಳಿಸಿಬಿಟ್ಟಿದ್ದೇನೆ.

"ಅಳಿಸಿದ್ರಾ?" ಹಿಂಡುತ್ತಿದ್ದ ಸೀರೆ ಬಕೆಟ್ಟಿಗೆ ಬಿತ್ತು. "ಖರೇ ಹೇಳ್ರಿ ಅಕ್ಕಾರ. ಪೂರಾ ಅಳಿಸಿದ್ರಾ?"

"ಪೂರಾ. ಎಲ್ಲೂ ಉಳದಿಲ್ಲ."

ಅವಳು ಅಲ್ಲೇ ಕಲ್ಲಿನ ಮೇಲೆ ಕೂತಳು. "ಚಲೋ ಆತ್ರಿ. ಅವತ್ತ ನೀವ್ ಹೋದಾಗಿಂದ ನನಗ ಒಂದ ದಿನ ನೆಟ್ಟಗ ನಿದ್ದಿಲ್ಲ. ಸುಪರ್ವೈಜರ್ ಫೋನ್ ಹಿಡಕೊಂಡ ಬಂದ್ರ ಸಾಕು, ನನ್ನ ಮಾತ ಕೇಳಾಕತ್ತಾನ ಅನ್ಸೂದು. ಹೂಂ ಅಂತ ಗೋಣ ಹಾಕಿದ್ನಲ್ಲ, ಯಾಕ ಹಾಕಿದ್ನೋ. ಮನ್ಯಾಗ ಹೇಳಿದ್ರ ಗಂಡ ಹೊಡೀತಾನ. ನಿಮಗ ಫೋನ್ ಮಾಡೂನಂದ್ರ ನಂಬರ್ ಇಲ್ಲ."

ನನ್ನ ನಂಬರು ಕೊಟ್ಟು ಬರಬೇಕೆಂದೂ ನನಗೆ ಅಂದು ಹೊಳೆದಿರಲಿಲ್ಲ. ಜನವರಿಯಿಂದ ಏಪ್ರಿಲ್‌ವರೆಗೆ ನಾನು ನನ್ನ ಫೈಲಿಗಾಗಿ ಹೆದರುತ್ತಿದ್ದೆ. ಅದೇ ಮೂರು ತಿಂಗಳು ಅವಳು ನನಗೆ ಹೆದರುತ್ತಿದ್ದಳು. ಅವಳ ಪಕ್ಕದಲ್ಲಿ ಕೂರಲು ನಾಚಿಕೆಯಾಗಿ ನಿಂತೇ ಇದ್ದೆ. ಕೊನೆಗೆ ಅವಳೇ, "ಕೂಡ್ರಿ, ಬಿಸಲಾಗ ನಿಂದ್ರಬ್ಯಾಡ್ರಿ," ಎಂದಳು.

ಒಪ್ಪಿಗೆಯ ಪತ್ರ ಜೂನ್ ಮಧ್ಯದಲ್ಲಿ ಬಂತು. ಲೋಕಲಿನಲ್ಲಿ ಮೇಲ್ ತೆರೆದಾಗ ಕಣ್ಣಿಗೆ ಮೊದಲು ಬಿದ್ದದ್ದು 'ಷರತ್ತು' ಎನ್ನುವ ಪದ. ಅದು ಹಳೆಯ ಷರತ್ತುಗಳೇ ಎಂದು ತಿಳಿಯುವಷ್ಟರಲ್ಲಿ ನನ್ನ ಸ್ಟೇಷನ್ ದಾಟಿಹೋಗಿತ್ತು. ಮುಲುಂಡಿನಲ್ಲಿ ಇಳಿದು ವಾಪಸು ಬಂದೆ.

ಮೊದಲು ಅವಳ ಹತ್ತಿರವೇ ಹೋದೆ. ನಾಲ್ಕು ಪುಟದ ಕನ್ನಡವನ್ನು ಓದಿ ಹೇಳಿದೆ. ಮಳೆ ತಗಡಿನ ಮೇಲೆ ಸದ್ದು ಮಾಡುತ್ತಿದ್ದರಿಂದ ಕೆಲವು ಸಾಲು ಎರಡೆರಡು ಸಲ. ಅವಳು ಪೂರ್ತಿ ಕೇಳಿಸಿಕೊಂಡು ಕೇಳಿದಳು: "ಬ್ಯಾಡ ಅಂದ್ರ ನಡೀತದಂತ ಬರದೀರಲ್ಲ, ಖರೇನ ನಡೀತೈತೇನ್ರಿ?"

"ನಡೀತದ."

"ಹಂಗಾರ ನಾ ಒಲ್ಲೆ ಅಕ್ಕಾರ. ಸಿಟ್ಟಾಗಬ್ಯಾಡ್ರಿ."

ಸಿಟ್ಟಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಳಗೊಳಗೆ ಎಲ್ಲೋ ಅವಳು ಹೂಂ ಅನ್ನುತ್ತಾಳೆಂದೇ ನಾನು ಲೆಕ್ಕ ಹಾಕಿದ್ದೆ. ಕಾಗದ ಮಡಿಸಿ ಎದ್ದೆ. ಬಾಗಿಲ ಹತ್ತಿರ ಹೋದಾಗ ಅವಳು ಹಿಂದಿನಿಂದ ಕೇಳಿದಳು, ಸಾಕ್ಷಿಗೆ ಕೂಡುವವರೂ ಹೆಬ್ಬೆಟ್ಟು ಒತ್ತಬೇಕೇ ಎಂದು. ಬೇಡ, ಹೆಸರೂ ಬೇಡ ಎಂದೆ. ಪಕ್ಕದ ಮನೆಯವಳ ಕೈ ಯಂತ್ರಕ್ಕೆ ಸಿಕ್ಕಿ ಮುರಿದಿತ್ತು, ಅವಳಿಗೆ ಹೇಳಿಕೊಳ್ಳುವ ಮನಸ್ಸಿದೆ, ಒಬ್ಬಳೇ ಮಾತಾಡಲು ಅಂಜುತ್ತಾಳೆ ಎಂದಳು.

"ನಾ ಆಕಿ ಬಾಜೂಕ ಕೂಡ್ತೀನಿ. ನೀವ್ ಓದ್ರಿ."

ಆ ಮಳೆಗಾಲದಲ್ಲಿ ಹದಿಮೂರು ಹೆಂಗಸರು ನನ್ನ ಜೊತೆ ಮಾತಾಡಿದರು. ಒಬ್ಬಳು ನಡುವೆಯೇ ಸಾಕೆಂದು ಎದ್ದು ಹೋದಳು, ಅವಳದ್ದನ್ನು ಅಲ್ಲೇ ಅವಳ ಮುಂದೆ ಅಳಿಸಿದೆ. ಎಂಟು ಮಂದಿಗೆ ಸಾಕ್ಷಿಯಾಗಿ ಕೂತವಳು ತಾನು ಒಲ್ಲೆ ಎಂದಿದ್ದ ಅವಳೇ. ಅವಸರದಲ್ಲಿ ನಾನು ಎಲ್ಲಾದರೂ ಒಂದು ಸಾಲು ಹಾರಿಸಿದರೆ, "ಅದೊಂದ್ ಬಿಟ್ರಿ ನೋಡ್ರಿ," ಎಂದು ತಡೆಯುತ್ತಿದ್ದಳು. ಓದಲು ಬಾರದ ಅವಳಿಗೆ ನಾಲ್ಕು ಪುಟವೂ ಬಾಯಿಪಾಠವಾಗಿತ್ತು.

ದೀಪಾವಳಿಯ ಹೊತ್ತಿಗೆ ಆ ಟವರಿನ ಕೆಲಸ ಮುಗಿಯುತ್ತ ಬಂದು ಅವರೆಲ್ಲ ಚದುರಿದರು. ಅವಳು ಪನವೇಲ್ ಕಡೆಯ ಸೈಟಿಗೆ ಹೋದಳೆಂದು ಕೇಳಿದೆ. ಒಮ್ಮೆ ಅವಳೇ ಫೋನ್ ಮಾಡಿ, ಮಗಳನ್ನು ಶಾಲೆಗೆ ಸೇರಿಸಲು ಅಲ್ಲಿಯವರು ಕೊಟ್ಟ ಅರ್ಜಿಯಲ್ಲಿ ಏನು ಬರೆದಿದೆ, ಓದಿ ಹೇಳಿ ಎಂದು ಅದರ ಫೋಟೋ ಕಳಿಸಿದಳು. ಮರಾಠಿಯ ಎರಡು ಪುಟ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಕೂತು, ಒಂದು ಪದವನ್ನೂ ಬಿಡದೆ, ಕನ್ನಡದಲ್ಲಿ ನಿಧಾನವಾಗಿ ಹೇಳಿದೆ.